ಏರು ಬಂದ ಕೂಡಲೇ ಇ-ಸೈಕಲ್ ಪವರ್ ಹೋಗುತ್ತದೆ, ಬ್ಯಾಟರಿಯೇ ಹೋಗಿದೆಯಾ?

ಕೈಮರ ಸೈಕಲ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಚಿಕ್ಕಮಗಳೂರಿನಿಂದ ಕೈಮರದ ಕಡೆ, ಕೆಲಸ ಐ.ಜಿ. ರಸ್ತೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ. ಓಡಾಟಕ್ಕೆ ಎಲೆಕ್ಟ್ರಿಕ್ ಸೈಕಲ್ ಇದೆ. 36 ವೋಲ್ಟ್ ಲಿಥಿಯಂ ಬ್ಯಾಟರಿ, ಹಿಂದಿನ ಚಕ್ರದಲ್ಲಿ 250 ವ್ಯಾಟ್ ಹಬ್ ಮೋಟಾರ್. ಬ್ಯಾಟರಿ ಫ್ರೇಮಿನ ಮೇಲೆ ಕೂರುತ್ತದೆ, ಬೀಗ ತೆಗೆದರೆ ಎತ್ತಿಕೊಂಡು ಒಳಗೆ ತಂದು ಚಾರ್ಜ್ ಮಾಡಬಹುದು.

ಬೆಳಿಗ್ಗೆ ಪೇಟೆಗೆ ಇಳಿಯುವಾಗ ಏನೂ ತೊಂದರೆ ಇಲ್ಲ. ಸಂಜೆ ಮನೆ ಕಡೆ ಏರು ಶುರುವಾಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪವರ್ ಕಟ್. ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆನ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಡುತ್ತದೆ, ಮುಂದಿನ ಏರಿನಲ್ಲಿ ಅದೇ ಕಥೆ. ಡಿಸ್‌ಪ್ಲೇ ನೋಡಿದರೆ ಬ್ಯಾಟರಿ ಮೂರು ಕಡ್ಡಿ ತೋರಿಸುತ್ತಿರುತ್ತದೆ. ಬೇಸಿಗೆಯಲ್ಲಿ ಅಪರೂಪಕ್ಕೆ ಆಗುತ್ತಿತ್ತು, ಆರಿದ್ರಾ ಮಳೆ ಹಿಡಿದ ಮೇಲೆ ದಿನಾ.

ಇಲ್ಲಿನ ಒಂದು ಅಂಗಡಿಗೆ ತೋರಿಸಿದೆ. ಬ್ಯಾಟರಿ ಮುಟ್ಟಿ ಕೂಡ ನೋಡಲಿಲ್ಲ, "ಸೆಲ್ ವೀಕ್ ಆಗಿದೆ, ಹೊಸದು ಹಾಕಿಸಿ, ಹದಿನೈದು ಸಾವಿರ ಆಗುತ್ತೆ" ಅಂದರು. ಅಷ್ಟು ದುಡ್ಡು ಹಾಕುವ ಮೊದಲು ನಾನೇ ಏನಾದರೂ ಚೆಕ್ ಮಾಡಬಹುದಾ? ಮನೆಯಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಇದೆ, ಉಪಯೋಗಿಸಲು ಬರುತ್ತದೆ.

ಮಲ್ನಾಡ್ ಮೀಟರ್

ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿ, ಅದರ ಮೇಲೆ ಎಲ್ಲ ನಿಂತಿದೆ. ಪವರ್ ಹೋದಾಗ ಡಿಸ್‌ಪ್ಲೇ ಕೂಡ ಆರಿ ಹೋಗುತ್ತದಾ, ಇಲ್ಲ ಡಿಸ್‌ಪ್ಲೇ ಉರಿಯುತ್ತಲೇ ಇದ್ದು ಮೋಟಾರ್ ಮಾತ್ರ ಸುಮ್ಮನಾಗುತ್ತದಾ?

ಡಿಸ್‌ಪ್ಲೇ ಆರಿತು ಅಂದರೆ ಕಂಟ್ರೋಲರಿಗೆ (ಮೋಟಾರಿಗೆ ಎಷ್ಟು ಕರೆಂಟ್ ಬಿಡಬೇಕು ಅಂತ ನೋಡಿಕೊಳ್ಳುವ ಡಬ್ಬಿ) ಕರೆಂಟೇ ಬರುತ್ತಿಲ್ಲ ಅಂತ ಅರ್ಥ. ಆಗ ನೋಡಬೇಕಾದ್ದು ಬ್ಯಾಟರಿ, ಅದರ ಒಳಗಿನ ಬಿಎಂಎಸ್ ಬೋರ್ಡ್ (ಸೆಲ್ಲುಗಳನ್ನು ಕಾಯುತ್ತಾ, ಅಪಾಯ ಕಂಡರೆ ಕರೆಂಟ್ ಕಡಿಯುವುದು), ಫ್ಯೂಸ್, ಬ್ಯಾಟರಿ ಕೂರುವ ಸೀಟಿನ ಪಿನ್‌ಗಳು, ಅಲ್ಲಿಂದ ಕಂಟ್ರೋಲರ್ ತನಕದ ಎರಡು ದಪ್ಪ ವೈರ್. ಮೋಟಾರ್, ಥ್ರಾಟಲ್ ಕಡೆ ತಲೆ ಹಾಕುವುದೇ ಬೇಡ.

ಡಿಸ್‌ಪ್ಲೇ ಉರಿಯುತ್ತಿದೆ, ಮೋಟಾರ್ ಇಲ್ಲ ಅಂದರೆ ಬ್ಯಾಟರಿಯಿಂದ ಕರೆಂಟ್ ಬರುತ್ತಿದೆ, ಮುಂದೆ ಯಾರೋ ತಡೆಯುತ್ತಿದ್ದಾರೆ. ಬ್ರೇಕ್ ಲಿವರಿನ ಕಟ್-ಆಫ್ ಸ್ವಿಚ್, ಥ್ರಾಟಲ್, ಪೆಡಲ್ ಸೆನ್ಸರ್, ಮೋಟಾರಿಗೆ ಹೋಗುವ ಪ್ಲಗ್, ಈ ಸಾಲಿನಲ್ಲಿ ಹುಡುಕಬೇಕು. ಮೋಟಾರ್ ಗರಗರ ಅಂತ ನಡುಗಿ ಹೊರಡದಿದ್ದರೆ ಮೋಟಾರ್ ತಿರುಗುವುದನ್ನು ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸರ್ ಇರಬಹುದು, ನಿಮ್ಮದು ಹಾಗೆ ಕಾಣುವುದಿಲ್ಲ.

ಇನ್ನು ಆ ಕಡ್ಡಿಗಳನ್ನು ನಂಬಬೇಡಿ. ಅವು ವೋಲ್ಟೇಜ್ ನೋಡಿ ಅಂದಾಜಿಗೆ ತೋರಿಸುತ್ತವೆ ಅಷ್ಟೇ, ನಿಂತಾಗ ಮೂರು ಇದ್ದದ್ದು ಏರಿನಲ್ಲಿ ಒಂದಕ್ಕೆ ಇಳಿದು ಮತ್ತೆ ಮೂರಾಗುತ್ತದೆ. 36 ವೋಲ್ಟ್ ಬ್ಯಾಟರಿ ಅಂದರೆ ಒಳಗೆ 10 ಸೆಲ್ ಸಾಲಾಗಿ ಇವೆ. ಒಂದೊಂದು ಪೂರ್ತಿ ತುಂಬಿದಾಗ 4.2 ವೋಲ್ಟ್, ಒಟ್ಟು 42. ಇಳಿಯುತ್ತ ಇಳಿಯುತ್ತ 31ರ ಆಸುಪಾಸಿಗೆ ಬಂದರೆ ಸಾಮಾನ್ಯವಾಗಿ ಕಂಟ್ರೋಲರ್ ಸಾಕು ಅನ್ನುತ್ತದೆ. ಚಾರ್ಜರ್ ತೆಗೆದು ಒಂದು ಗಂಟೆ ಬಿಟ್ಟು ಅಳೆಯಿರಿ. 41ಕ್ಕಿಂತ ಮೇಲೆ ಇದ್ದರೆ ಚಾರ್ಜರ್ ಸರಿಯಾಗಿದೆ. ಆದರೆ ಬ್ಯಾಟರಿ ಗಟ್ಟಿ ಇದೆ ಅಂತ ಅಷ್ಟರಿಂದ ಹೇಳಲು ಬರುವುದಿಲ್ಲ. ಸತ್ತ ಸೆಲ್ ಕೂಡ ಭಾರ ಇಲ್ಲದಾಗ ಒಳ್ಳೆ ಲೆಕ್ಕ ಕೊಡುತ್ತದೆ.

ವೋಲ್ಟೇಜ್ ರಾಜ

ಗುರು, ಅಂಗಡಿಯವರು ಹೇಳಿದ್ದು ಸರಿ ಇದೆ. ಏರಿನಲ್ಲಿ ಬಿಟ್ಟುಬಿಡುತ್ತೆ ಅಂದ್ರೆ ಬ್ಯಾಟರಿ ಔಟ್. ಹೊಸದು ಹಾಕೋದೇ ಆದರೆ 48 ವೋಲ್ಟಿನದ್ದೇ ಹಾಕಿಬಿಡಿ, ಅದೇ ಕಂಟ್ರೋಲರಿಗೆ ಕೊಟ್ಟರೂ ಓಡುತ್ತೆ, ಮುಳ್ಳಯ್ಯನಗಿರಿ ತನಕ ನಿಲ್ಲದೆ ಹೋಗುತ್ತೆ. ಇಲ್ಲ ಅಂದ್ರೆ ಬಿಎಂಎಸ್ ಬೈಪಾಸ್ ಮಾಡಿಸಿ, ಕಟ್ ಆಗೋ ಮಾತೇ ಇರಲ್ಲ.

ಕೈಮರ ಸೈಕಲ್

ಗುರು ಅಲ್ಲ, ಅಕ್ಕ. ಮುಳ್ಳಯ್ಯನಗಿರಿ ಬೇಡ ಮಾರಾಯ್ರೆ, ಮನೆ ತನಕ ಹೋದರೆ ಸಾಕು.

ಮಲ್ನಾಡ್ ಮೀಟರ್ ಅವರೇ, ಗಮನಿಸಿ ನೋಡಿದೆ. ಎರಡೂ ತರಹ ಆಗುತ್ತದೆ! ಏರಿನಲ್ಲಿ ಆಗುವುದು ಡಿಸ್‌ಪ್ಲೇ ಸಮೇತ ಪೂರ್ತಿ ಕತ್ತಲೆ. ಕೆಲವೊಮ್ಮೆ ಗುಂಡಿಗೆ ಇಳಿದಾಗಲೂ ಡಿಸ್‌ಪ್ಲೇ ಒಂದು ಸಲ ಮಿಣಕ್ ಅನ್ನುತ್ತದೆ. ಇದು ಬಿಟ್ಟು, ಜೋರು ಮಳೆಯಲ್ಲಿ ನೆನೆದ ದಿನ ಡಿಸ್‌ಪ್ಲೇ ಇರುತ್ತದೆ, ಥ್ರಾಟಲ್ ತಿರುಗಿಸಿದರೂ ಪೆಡಲ್ ತುಳಿದರೂ ಮೋಟಾರ್ ಜಪ್ಪಯ್ಯ ಅನ್ನುವುದಿಲ್ಲ. ಮನೆಗೆ ತಂದು ಒಣಗಿಸಿದರೆ ಮಾರನೇ ದಿನ ಸರಿ.

ಚಾರ್ಜ್ ಆದ ಮೇಲೆ ಅಳೆದೆ, 41.6 ಇದೆ.

ಹಾಸನ ಸೋಲ್ಡರ್

ಅಕ್ಕ, ಹಾಗಾದರೆ ನಿಮ್ಮದು ಎರಡು ಬೇರೆ ಬೇರೆ ಕಾಯಿಲೆ. ಒಂದೇ ಅಂದುಕೊಂಡು ಹುಡುಕಿದರೆ ತಲೆ ಕೆಡುತ್ತದೆ. ನಾನು ಹಾಸನದಲ್ಲಿ ಇನ್ವರ್ಟರ್, ಯುಪಿಎಸ್ ರಿಪೇರಿ ಮಾಡುತ್ತೇನೆ, ಇ-ಸೈಕಲ್‌ಗಳೂ ಬರುತ್ತವೆ. ಬ್ಯಾಟರಿ ಹೋಗಿದೆ ಅಂತ ಹೇಳಿ ತಂದವುಗಳಲ್ಲಿ ಬ್ಯಾಟರಿ ಚೆನ್ನಾಗಿಯೇ ಇದ್ದು ಪಿನ್ ಸುಟ್ಟಿರುವುದು ಜಾಸ್ತಿ. ಗುಂಡಿಯಲ್ಲಿ ಡಿಸ್‌ಪ್ಲೇ ಮಿಣಕ್ ಅನ್ನುತ್ತದೆ ಅಂದಿರಲ್ಲ, ನನಗೆ ಅಲ್ಲೇ ಅನುಮಾನ. ವೀಕ್ ಸೆಲ್‌ಗೆ ಗುಂಡಿ ಗೊತ್ತಾಗುವುದಿಲ್ಲ. ಸಡಿಲ ಪಿನ್‌ಗೆ ಗೊತ್ತಾಗುತ್ತದೆ.

ಏರಿನಲ್ಲೇ ಯಾಕೆ ಅಂದರೆ, ಸಪಾಟು ರಸ್ತೆಯಲ್ಲಿ ಮೋಟಾರ್ ಮೂರು ನಾಲ್ಕು ಆಂಪ್ಸ್ ಎಳೆಯುತ್ತಾ ಹಾಯಾಗಿ ಹೋಗುತ್ತದೆ. ನೀವು, ಸೈಕಲ್, ಬ್ಯಾಗು ಎಲ್ಲ ಸೇರಿ ನೂರು ಕೆಜಿ ಅಂತ ಇಟ್ಟುಕೊಳ್ಳಿ. ನೂರು ಮೀಟರ್ ದೂರಕ್ಕೆ ಆರು ಮೀಟರ್ ಎತ್ತರ ಏರುವ ರಸ್ತೆಯಲ್ಲಿ ಗಂಟೆಗೆ 12 ಕಿ.ಮೀ. ವೇಗ ಬೇಕಾದರೆ ಎತ್ತುವುದಕ್ಕೇ ಸುಮಾರು 200 ವ್ಯಾಟ್ ಬೇಕು. ನಿಧಾನಕ್ಕೆ ತಿರುಗುವಾಗ ಹಬ್ ಮೋಟಾರ್ ತಿಂದಷ್ಟು ಕೆಲಸ ಮಾಡುವುದಿಲ್ಲ, ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಹಾಗಾಗಿ ಬ್ಯಾಟರಿಯಿಂದ 300 ವ್ಯಾಟಿನ ಮೇಲೆ ಎಳೆಯುತ್ತದೆ, ಅಂದರೆ 9-10 ಆಂಪ್ಸ್, ಏರು ಇನ್ನೂ ಕಡಿದಾದರೆ ಕಂಟ್ರೋಲರ್ ಬಿಡುವ ಮಿತಿ ತನಕ. ಅದರ ಮೇಲೆ ನೀವು ಏರುವುದು ಸಂಜೆ, ಬೆಳಿಗ್ಗೆಯಿಂದ ಓಡಿಸಿ ವೋಲ್ಟೇಜ್ ಇಳಿದಿರುವಾಗ.

ಹೀಗೆ ಚೆಕ್ ಮಾಡಿ. ಬ್ಯಾಟರಿ ಎತ್ತಿ ಸೀಟಿನ ಪಿನ್‌ಗಳನ್ನು ಟಾರ್ಚ್ ಹಾಕಿ ನೋಡಿ. ಹಸಿರು ಕಿಲುಬು, ಕಪ್ಪು ಕಲೆ, ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುವುದು, ಮೀನಿನ ವಾಸನೆಯ ಹಾಗೆ ಏನಾದರೂ ಸುಟ್ಟ ಕಮಟು, ಇವು ಇದ್ದರೆ ಅರ್ಧ ಉತ್ತರ ಸಿಕ್ಕಿತು.

ಆಮೇಲೆ ಭಾರ ಹಾಕಿ ಅಳೆಯಬೇಕು. ಸ್ಟ್ಯಾಂಡ್ ಹಾಕಿ ಚಕ್ರ ಸುಮ್ನೆ ತಿರುಗಿಸಿದರೆ ಏನೂ ಗೊತ್ತಾಗಲ್ಲ. ಮುಂದಿನ ಚಕ್ರ ಗೋಡೆಗೆ ಒತ್ತಿ ನಿಲ್ಲಿಸಿ, ಮನೆಯವರು ಯಾರನ್ನಾದರೂ ಸೀಟ್ ಮೇಲೆ ಕೂರಿಸಿ ಥ್ರಾಟಲ್ ತಿರುಗಿಸಲು ಹೇಳಿ. ಬರೀ ಎರಡು ಸೆಕೆಂಡ್, ಜಾಸ್ತಿ ಹಿಡಿದರೆ ಮೋಟಾರ್ ಬಿಸಿಯಾಗುತ್ತದೆ. ಆ ಎರಡು ಸೆಕೆಂಡಿನಲ್ಲಿ ಎಷ್ಟಕ್ಕೆ ಇಳಿಯುತ್ತದೆ ಅಂತ ಎರಡು ಕಡೆ ನೋಡಿ. ಒಂದು, ಬ್ಯಾಟರಿಯ ಚಾರ್ಜಿಂಗ್ ಪೋರ್ಟಿನಲ್ಲಿ. ಎರಡು, ಕಂಟ್ರೋಲರಿಗೆ ಹೋಗುವ ಪ್ಲಗ್ಗಿನ ಹಿಂಬದಿಯಲ್ಲಿ. ಕೆಲವು ಬ್ಯಾಟರಿಗಳಲ್ಲಿ ಚಾರ್ಜಿಂಗ್ ಪೋರ್ಟ್ ಏನೂ ತೋರಿಸುವುದಿಲ್ಲ, ತೋರಿಸಿದರೆ ನಿಮ್ಮ ಅದೃಷ್ಟ. ಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗದ ಹಾಗೆ ತುದಿ ಮಾತ್ರ ಬಿಟ್ಟು ಟೇಪ್ ಸುತ್ತಿಕೊಳ್ಳಿ, ಲಿಥಿಯಂ ಶಾರ್ಟ್ ಆದರೆ ಕಿಡಿ ಸಣ್ಣದಿರುವುದಿಲ್ಲ.

ಎರಡು ಕಡೆಯೂ ಒಟ್ಟಿಗೆ ಇಳಿದರೆ ಬ್ಯಾಟರಿ ಸೋತಿದೆ, ಅಂಗಡಿಯವರು ಗೆದ್ದರು. ಬ್ಯಾಟರಿ ಕಡೆ ನಿಂತು ಕಂಟ್ರೋಲರ್ ಕಡೆ ಮಾತ್ರ ಇಳಿದರೆ ನಡುವೆ ಎಲ್ಲೋ ಸೋರುತ್ತಿದೆ.

ವೋಲ್ಟೇಜ್ ರಾಜ ಅವರೇ, 48 ವೋಲ್ಟ್ ಬ್ಯಾಟರಿ ತುಂಬಿದಾಗ 54.6 ವೋಲ್ಟ್ ಇರುತ್ತದೆ. 36ರ ಕಂಟ್ರೋಲರ್ ಬಿಚ್ಚಿ ನೋಡಿದರೆ ಒಳಗಿನ ಕೆಪಾಸಿಟರ್ ಕೆಲವದರಲ್ಲಿ 63 ವೋಲ್ಟ್ ತನಕ ತಡೆಯುವಂಥದ್ದು, ಕೆಲವದರಲ್ಲಿ 50ರದ್ದು. 50ರದ್ದಾದರೆ ಢಂ. ಬಿಎಂಎಸ್ ಬೈಪಾಸ್ ಮಾತು ಇನ್ನೊಬ್ಬರಿಗೆ ಹೇಳಬೇಡಿ ದಯವಿಟ್ಟು. ಒಂದು ಸೆಲ್ ಬರಿದಾದದ್ದನ್ನು ಹೇಳುವವರೇ ಇಲ್ಲದ ಬ್ಯಾಟರಿಯನ್ನು ರಾತ್ರಿ ಮನೆಯೊಳಗೆ ಚಾರ್ಜಿಗೆ ಹಾಕಿ ಮಲಗುವುದಾ?

ವೋಲ್ಟೇಜ್ ರಾಜ

ನನ್ನ ಫ್ರೆಂಡ್ ಸೈಕಲ್ಲಿಗೆ 48 ಹಾಕಿ ಓಡಿಸ್ತಿದಾನೆ ಗುರು, ಏನೂ ಆಗಿಲ್ಲ. ಬೈಪಾಸ್ ವಿಷಯ ಬಿಡಿ, ಒಪ್ಪಿದೆ.

ಹಾಸನ ಸೋಲ್ಡರ್

ಅವನ ಕೆಪಾಸಿಟರ್ 63ರದ್ದು ಇರಬೇಕು. ಇನ್ನೊಂದು, 250 ವ್ಯಾಟ್ ಒಳಗೆ, ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ರಿಜಿಸ್ಟ್ರೇಷನ್, ಲೈಸೆನ್ಸ್ ರಗಳೆ ಇಲ್ಲ. ವೋಲ್ಟೇಜ್ ಏರಿಸಿದರೆ ವೇಗವೂ ಏರುತ್ತದೆ, ಆಗ ಅದು ಕಾನೂನಿನ ಲೆಕ್ಕದಲ್ಲಿ ಸೈಕಲ್ ಆಗಿ ಉಳಿಯುವುದಿಲ್ಲ.

ಎಸ್ಟೇಟ್ ರೈಟರ್

ಮಳೆಯ ಕಾಯಿಲೆ ಬಗ್ಗೆ ನಾನು ಹೇಳುತ್ತೇನೆ, ಮೂಡಿಗೆರೆ ಕಡೆ ಇರುವವನು, ಮಳೆಯಲ್ಲಿ ಸೈಕಲ್ ಓಡಿಸುವುದು ನಮಗೆ ಹೊಸದಲ್ಲ.

ಬ್ರೇಕ್ ಲಿವರಿನಿಂದ ಒಂದು ಸಣ್ಣ ವೈರ್ ಬರುತ್ತದೆ ನೋಡಿ. ಬ್ರೇಕ್ ಹಿಡಿದ ಕೂಡಲೇ ಮೋಟಾರ್ ನಿಲ್ಲಲಿ ಅಂತ ಒಳಗೆ ಸ್ವಿಚ್ ಇರುತ್ತದೆ. ಅದರೊಳಗೆ ನೀರು ಹೋದರೆ, ಅಥವಾ ಲಿವರ್ ಪೂರ್ತಿ ವಾಪಸ್ ಬರದೆ ಒಂದು ಚೂರು ಒಳಗೇ ನಿಂತರೆ, ಕಂಟ್ರೋಲರ್ ಪಾಪ ನೀವು ಬ್ರೇಕ್ ಹಿಡಿದಿದ್ದೀರಿ ಅಂದುಕೊಂಡು ಸುಮ್ಮನೆ ಕೂರುತ್ತದೆ. ಡಿಸ್‌ಪ್ಲೇ ಉರಿಯುತ್ತಿರುತ್ತದೆ, ಮೋಟಾರ್ ಸತ್ತಂತೆ. ನೀವು ಹೇಳಿದ್ದು ಇದೇ ಲಕ್ಷಣ.

ಮುಂದಿನ ಸಲ ಹಾಗೆ ಆದಾಗ ಮೊದಲು ಎರಡು ಲಿವರನ್ನೂ ಬೆರಳಿಂದ ಹೊರಗೆ ತಳ್ಳಿ ನೋಡಿ. ಆಗಲೂ ಹೊರಡದಿದ್ದರೆ ಒಂದೊಂದೇ ಲಿವರಿನ ಪ್ಲಗ್ ಬಿಡಿಸಿ. ಯಾವುದನ್ನು ಬಿಡಿಸಿದಾಗ ಮೋಟಾರಿಗೆ ಜೀವ ಬರುತ್ತದೋ ಅದೇ ಕಳ್ಳ. ಪ್ಲಗ್ ಬಿಡಿಸಿದರೂ ಬ್ರೇಕ್ ಹಿಡಿಯುತ್ತದೆ, ಆದರೆ ಮೋಟಾರ್ ತಾನಾಗಿ ನಿಲ್ಲುವುದಿಲ್ಲ, ಹಾಗಾಗಿ ಹಾಗೇ ಓಡಿಸಿಕೊಂಡು ಇಳಿಜಾರಿಗೆ ಹೋಗಬೇಡಿ.

ಎರಡೂ ಬಿಡಿಸಿದರೂ ಇಲ್ಲ ಅಂದರೆ ಮೋಟಾರ್ ವೈರಿನ ಪ್ಲಗ್ ನೋಡಿ. ಆಕ್ಸಲ್ ಹತ್ತಿರ ವೈರ್ ಮೇಲಿಂದ ನೇರವಾಗಿ ಮೋಟಾರ್ ಒಳಗೆ ಇಳಿದಿದ್ದರೆ ನೀರು ಅದರ ಗುಂಟ ಒಳಗೇ ಹೋಗುತ್ತದೆ. ಸ್ವಲ್ಪ ಜೋತುಬಿದ್ದು ಆಮೇಲೆ ಮೇಲೆ ಹೋಗುವ ಹಾಗೆ ಕಟ್ಟಿ, ನೀರು ಕೆಳಗೇ ತೊಟ್ಟಿಕ್ಕಿ ಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರೆಶರ್ ಪಂಪಿನಲ್ಲಿ ತೊಳೆಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಕೈಮರ ಸೈಕಲ್

ತಮ್ಮನನ್ನು ಸೀಟಿನ ಮೇಲೆ ಕೂರಿಸಿ ಗೋಡೆ ಪರೀಕ್ಷೆ ಮಾಡಿದೆ. ಹಾಸನದವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು.

ಸಂಜೆ ಮನೆಗೆ ಬಂದ ಮೇಲೆ, ಭಾರ ಇಲ್ಲದಾಗ ಎರಡು ಕಡೆಯೂ 38.4. ಥ್ರಾಟಲ್ ತಿರುಗಿಸಿದಾಗ ಚಾರ್ಜಿಂಗ್ ಪೋರ್ಟಿನಲ್ಲಿ 36.6. ಕಂಟ್ರೋಲರ್ ಪ್ಲಗ್ಗಿನಲ್ಲಿ 33.1, ಎರಡನೇ ಸಲ ತಿರುಗಿಸಿದಾಗ ಇನ್ನೂ ಕಡಿಮೆ, ಮೂರನೇ ಸಲ ಡಿಸ್‌ಪ್ಲೇ ಆರಿಯೇ ಹೋಯಿತು.

ಬ್ಯಾಟರಿ ಎತ್ತಿ ನೋಡಿದರೆ ಸೀಟಿನಲ್ಲಿ ಚಪ್ಪಟೆ ಪಿನ್‌ಗಳಿವೆ. ಪ್ಲಸ್ ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕರಗಿ ಒಂದು ಕಡೆಗೆ ವಾಲಿದೆ, ಪಿನ್ ಬೆರಳಲ್ಲಿ ಮುಟ್ಟಿದರೆ ಅಲ್ಲಾಡುತ್ತದೆ. ಮೇಲ್ಮೈ ಹೊಳಪು ಹೋಗಿ ಮಸಿ ಹಿಡಿದ ಹಾಗಿದೆ, ಒಂದು ಅಂಚಿನಲ್ಲಿ ಸೂಜಿ ಚುಚ್ಚಿದಂತೆ ಸಣ್ಣ ಸಣ್ಣ ಕುಳಿ. ಮೈನಸ್ ಪಿನ್ ಚೆನ್ನಾಗಿದೆ, ಬುಡದಲ್ಲಿ ಸ್ವಲ್ಪ ಹಸಿರು ಅಷ್ಟೇ. ಬ್ಯಾಟರಿ ಕಡೆಯ ಸೀಳಿನೊಳಗೆ ಟಾರ್ಚ್ ಬಿಟ್ಟು ನೋಡಿದೆ, ಅಲ್ಲೂ ಪ್ಲಸ್ ಕಡೆ ಕಪ್ಪು.

ಎಮರಿ ಪೇಪರಿನಲ್ಲಿ ಉಜ್ಜಿ ಸರಿ ಮಾಡಬಹುದಾ? ಇಲ್ಲ ಪೂರ್ತಿ ಬದಲಿಸಬೇಕಾ?

ಹಾಸನ ಸೋಲ್ಡರ್

ಉಜ್ಜಿದರೆ ಒಂದು ವಾರ ಓಡುತ್ತದೆ, ಆಮೇಲೆ ಮೊದಲಿಗಿಂತ ಬೇಗ ಸುಡುತ್ತದೆ. ಪಿನ್ ಮೇಲಿನ ಲೇಪ ಹೋಗಿದೆ, ಬಿಸಿಯಾಗಿ ಸ್ಪ್ರಿಂಗಿನ ಬಿಗಿ ಹೋಗಿದೆ, ಅದು ವಾಪಸ್ ಬರುವುದಿಲ್ಲ.

ಲೆಕ್ಕ ನೋಡಿ. 36.6ಕ್ಕೂ 33.1ಕ್ಕೂ ನಡುವೆ 3.5 ವೋಲ್ಟ್. 12 ಆಂಪ್ಸ್ ಹರಿಯುತ್ತಿದೆ ಅಂದುಕೊಂಡರೆ 42 ವ್ಯಾಟ್ ಆ ದಾರಿಯಲ್ಲೇ ಶಾಖವಾಗಿ ಹೋಗುತ್ತಿದೆ, ಅದರಲ್ಲಿ ಹೆಚ್ಚಿನ ಪಾಲು ಆ ಒಂದು ಪಿನ್ನಿನಲ್ಲಿ. ನನ್ನ ಮೇಜಿನ ಮೇಲಿರುವ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು. ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತದೆ ಹೇಳಿ. ಬಿಸಿಯಾದಾಗ ಪಿನ್ ಬಿಡುತ್ತದೆ, ನೀವು ನಿಂತಾಗ ತಣ್ಣಗಾಗಿ ಮತ್ತೆ ಹಿಡಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಸರಿಯಾಗುತ್ತಿದ್ದದ್ದು ಅದಕ್ಕೇ. ಮಳೆಗಾಲದಲ್ಲಿ ಜಾಸ್ತಿ ಆದದ್ದೂ ಅದಕ್ಕೇ, ತೇವಕ್ಕೆ ಕಿಲುಬು ಹಿಡಿದು ತಡೆ ಏರುತ್ತದೆ.

ಬ್ಯಾಟರಿ ಮಾತ್ರ ಗಟ್ಟಿ ಇದೆ. ಅಷ್ಟು ಎಳೆದರೂ 38.4ರಿಂದ 36.6ಕ್ಕೆ ಇಳಿದದ್ದು, ಎರಡು ವೋಲ್ಟ್ ಕೂಡ ಇಲ್ಲ. ಹದಿನೈದು ಸಾವಿರದ ಮಾತು ಮರೆತುಬಿಡಿ.

ಈಗ ಮಾಡಬೇಕಾದ್ದು. ಸೀಟಿನ ಪಿನ್ ಬ್ಲಾಕ್ ಹೊಸದು ಹಾಕಿಸಿ. ಬ್ಯಾಟರಿಯ ಫೋಟೋ ಹಿಡಿದು ಆನ್‌ಲೈನಲ್ಲಿ ಹುಡುಕಿದರೆ ಸಿಗುತ್ತದೆ, ಪಿನ್ ಎಷ್ಟು, ನಡುವಿನ ಅಂತರ ಎಷ್ಟು ಅಂತ ಸ್ಕೇಲ್ ಹಿಡಿದು ಹೋಲಿಸಿ ತಗೊಳ್ಳಿ. ಬ್ಯಾಟರಿ ಕಡೆಯ ಸೀಳೂ ಕಪ್ಪಾಗಿದೆ ಅಂದಿರಿ, ಅದನ್ನು ಬಿಟ್ಟು ಇದೊಂದೇ ಬದಲಿಸಿದರೆ ಹೊಸ ಪಿನ್ನನ್ನು ಹಳೆಯದು ಕೆಡಿಸುತ್ತದೆ. ಆದರೆ ಆ ಕಡೆಯದನ್ನು ನೀವು ಬಿಚ್ಚಬೇಡಿ. ಪ್ಯಾಕ್ ತೆರೆದರೆ ಒಳಗೆ ಸ್ವಿಚ್ ಇಲ್ಲ, 40 ವೋಲ್ಟ್ ಸದಾ ಜೀವಂತ, ಒಂದು ಸ್ಕ್ರೂ ಡ್ರೈವರ್ ಜಾರಿದರೆ ಮುಗಿಯಿತು. ಗೊತ್ತಿರುವವರ ಕೈಯಲ್ಲಿ ಮಾಡಿಸಿ.

ಜೋಡಣೆಯನ್ನು ತಿರುಚಿ ಟೇಪ್ ಸುತ್ತಿ ಕಳಿಸಿದರೆ ಒಪ್ಪಬೇಡಿ, ಸೋಲ್ಡರ್ ಇಲ್ಲವೇ ಸರಿಯಾದ ಕ್ರಿಂಪ್ ಆಗಬೇಕು, ಮೇಲೆ ಸ್ಲೀವ್. ಎಲ್ಲ ಆದ ಮೇಲೆ ಅದೇ ಗೋಡೆ ಪರೀಕ್ಷೆ ಮತ್ತೆ ಮಾಡಿ. ಎರಡು ಕಡೆಯ ವ್ಯತ್ಯಾಸ ಅರ್ಧ ವೋಲ್ಟಿನ ಒಳಗೆ ಬಂದರೆ ದುಡ್ಡು ಕೊಡಿ. ಅಲ್ಲಿ ತನಕ ಏರಿನಲ್ಲಿ ಅಸಿಸ್ಟ್ (ತುಳಿಯುವಾಗ ಮೋಟಾರ್ ಕೊಡುವ ಸಹಾಯ) ಕಡಿಮೆ ಇಟ್ಟು ನೀವೇ ತುಳಿಯಿರಿ, ಥ್ರಾಟಲ್ ಮುಟ್ಟಬೇಡಿ. ಸುಟ್ಟ ವಾಸನೆ ಬಂದರೆ ಇಳಿದು ತಳ್ಳಿ.

ಮಲ್ನಾಡ್ ಮೀಟರ್

ಒಂದು ಸೇರಿಸುತ್ತೇನೆ. ಕಂಟ್ರೋಲರ್ ಪ್ಲಗ್ಗಿಗೆ ಒಂದು ಚಿಕ್ಕ ಡಿಜಿಟಲ್ ವೋಲ್ಟ್ ಮೀಟರ್ ಸಿಕ್ಕಿಸಿ ಹ್ಯಾಂಡಲಿಗೆ ಕಟ್ಟಿಕೊಳ್ಳಿ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅಗ್ಗಕ್ಕೇ ಸಿಗುತ್ತದೆ. ಬೈಕಿಗೆ ಹಾಕುವಂಥವು 30 ವೋಲ್ಟ್ ತನಕ ಮಾತ್ರ ತಡೆಯುವವೂ ಇವೆ, ನಿಮ್ಮದಕ್ಕೆ 100 ವೋಲ್ಟಿನದ್ದು ಅಂತ ಕೇಳಿ ತಗೊಳ್ಳಿ. ಸಣ್ಣ ಫ್ಯೂಸ್ ಮರೆಯಬೇಡಿ. ಏರಿನಲ್ಲಿ ಎಷ್ಟಕ್ಕೆ ಇಳಿಯುತ್ತದೆ ಅಂತ ಕಣ್ಣೆದುರೇ ಕಾಣುತ್ತಿದ್ದರೆ ಮುಂದೆ ಪಿನ್ ಕೆಡಲು ಶುರುವಾದಾಗ ಮೊದಲೇ ಗೊತ್ತಾಗುತ್ತದೆ.

ಕೈಮರ ಸೈಕಲ್

ಎರಡು ಕಡೆಯ ಪಿನ್ನೂ ಬದಲಾಯಿತು, ಪೇಟೆಯಲ್ಲಿ ಇನ್ವರ್ಟರ್ ರಿಪೇರಿ ಮಾಡುವವರೊಬ್ಬರು ಮಾಡಿಕೊಟ್ಟರು. ಸಾಮಾನು, ಕೂಲಿ ಎಲ್ಲ ಸೇರಿ ಸಾವಿರದ ಒಳಗೆ. ಗೋಡೆ ಪರೀಕ್ಷೆಯಲ್ಲಿ ಈಗ 36.7 ಮತ್ತು 36.4. ಮನೆ ತನಕ ಒಂದು ಸಲವೂ ಕಟ್ ಆಗಿಲ್ಲ.

ಎಸ್ಟೇಟ್ ರೈಟರ್ ಅವರೇ, ನಿಮ್ಮ ಕಳ್ಳನೂ ಸಿಕ್ಕಿಬಿದ್ದ. ಎಡಗಡೆ ಲಿವರ್. ಬ್ರೇಕ್ ಕೇಬಲ್ ಒಳಗೆ ತುಕ್ಕು ಹಿಡಿದು ಲಿವರ್ ಪೂರ್ತಿ ವಾಪಸ್ ಬರುತ್ತಿರಲಿಲ್ಲ, ಹೊರಗೆ ತಳ್ಳಿದ ಕೂಡಲೇ ಮೋಟಾರ್ ಶುರು. ಕೇಬಲ್ ಬದಲಿಸಿದೆ. ಇನ್ನೊಂದೇ ಉಳಿದಿದೆ, ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳ ಎಲ್ಲೋ ಬಿದ್ದುಹೋಗಿದೆ, ಮಳೆಗೆ ಏನು ಮಾಡಲಿ?

ಎಸ್ಟೇಟ್ ರೈಟರ್

ಹಳೇ ಟ್ಯೂಬ್ ಒಂದು ಅಡ್ಡ ಕತ್ತರಿಸಿ, ಬಳೆಯ ಹಾಗೆ ಬ್ಯಾಟರಿ ಸಮೇತ ಫ್ರೇಮಿಗೆ ಬಿಗಿಯಾಗಿ ಹಾಕಿ, ಪೋರ್ಟ್ ಅದರ ಕೆಳಗೆ ಬರಲಿ. ಚಾರ್ಜ್ ಮಾಡುವ ಮೊದಲು ಪೋರ್ಟ್ ಒಳಗೆ ಒಣಗಿದೆಯಾ ನೋಡಿಕೊಳ್ಳಿ, ತೇವ ಇದ್ದರೆ ಒಲೆ ಹತ್ತಿರ ಇಡಬೇಡಿ, ಫ್ಯಾನ್ ಕೆಳಗೆ ಇಡಿ.